ತಣ್ಣಗಿರುವ ಒಲೆಗೆ ಮಾತ್ರ

ಆ ಊರಲ್ಲಿ ಬೆಂಕಿ ಹುಟ್ಟುತ್ತಿರಲಿಲ್ಲ. ಕಲ್ಲಿಗೆ ಕಲ್ಲು ತಿಕ್ಕಿದರೆ ಕಲ್ಲು ಸವೆಯುತ್ತಿತ್ತು, ಕಟ್ಟಿಗೆಗೆ ಕಟ್ಟಿಗೆ ತಿಕ್ಕಿದರೆ ಕೈಯಲ್ಲಿ ಗುಳ್ಳೆ ಏಳುತ್ತಿತ್ತು, ಕಿಡಿ ಮಾತ್ರ ಏಳುತ್ತಿರಲಿಲ್ಲ. ಸಿಡಿಲು ಬಡಿದ ಮರ ಕೂಡ ಎರಡು ಸೀಳಾಗಿ ಬೀಳುತ್ತಿತ್ತೇ ಹೊರತು ಹೊತ್ತಿಕೊಳ್ಳುತ್ತಿರಲಿಲ್ಲ. ಹಾಗಾದರೆ ಜನ ಬೇಯಿಸಿಕೊಂಡು ತಿನ್ನುತ್ತಿದ್ದದ್ದು ಹೇಗೆ ಅಂತ ನೀವು ಕೇಳಬಹುದು. ಒಬ್ಬರ ಒಲೆಯಿಂದ ಇನ್ನೊಬ್ಬರು ಕೆಂಡ ತಂದು. ಮೊದಲನೆಯ ಕೆಂಡ ಎಲ್ಲಿಂದ ಬಂತೋ ಯಾರಿಗೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವಷ್ಟು ಬಿಡುವೂ ಯಾರಿಗೂ ಇರಲಿಲ್ಲ. ಒಲೆ ಆರಿದವನು ಮಡಕೆಯ ಚೂರೊಂದನ್ನು ಹಿಡಿದು ನೆರೆಯವನ ಬಾಗಿಲಲ್ಲಿ ನಿಲ್ಲಬೇಕು, ‘ಒಂದು ಕೆಂಡ ಕೊಡಿ’ ಅನ್ನಬೇಕು. ನೆರೆಯವನು ಇಲ್ಲ ಅನ್ನುವಂತಿಲ್ಲ. ಬೆಳಿಗ್ಗೆ ತಾನೇ ಬಾಯಿಗೆ ಬಾಯಿ ಹತ್ತಿ ಜಗಳ ಆಡಿದ್ದರೂ ಮುಖ ಆ ಕಡೆ ತಿರುಗಿಸಿಕೊಂಡಾದರೂ ಕೆಂಡ ಕೊಡಬೇಕು. ಅದಕ್ಕೆ ಬೆಲೆ ಇಲ್ಲ, ಬಡ್ಡಿಯಂತೂ ಇಲ್ಲವೇ ಇಲ್ಲ.

ಆ ಊರಿನ ನಟ್ಟನಡುವೆ ಒಲೆಗಳ ಓಣಿ. ಈ ತುದಿಯಲ್ಲಿ ಚಹಾದಂಗಡಿ, ಆಮೇಲೆ ಭಜಿಯವನು, ದೋಸೆಯವಳು, ಮಂಡಕ್ಕಿಯ ಗಿರ್ಮಿಟ್ಟಿನವನು, ಹೀಗೆ ಸಾಲಾಗಿ ಹೋಗಿ ಆ ತುದಿಯಲ್ಲಿ ಖಾನಾವಳಿ. ಊರಿಗೆ ಬಂದವರು, ಊರಲ್ಲಿ ಮನೆ ಇಲ್ಲದವರು, ಮನೆ ಇದ್ದೂ ಹೆಂಡತಿಯ ಕೈಯಡುಗೆ ಸೇರದವರು ಎಲ್ಲರೂ ಆ ಓಣಿಯಲ್ಲೇ ಹೊಟ್ಟೆ ಹೊರೆಯುತ್ತಿದ್ದರು. ಖಾನಾವಳಿ ನಡೆಸುತ್ತಿದ್ದವಳನ್ನು ಎಲ್ಲರೂ ಅವ್ವ ಅನ್ನುತ್ತಿದ್ದರು. ಅವಳಿಗಿಂತ ಹಿರಿಯರೂ ಅವ್ವ ಅಂತಲೇ ಕರೆಯುತ್ತಿದ್ದರು, ಉಣ್ಣಿಸುವವಳನ್ನು ಬೇರೆ ಏನಂತ ಕರೆಯುವುದು?

ಅವ್ವನ ಒಲೆ ಅವಳ ಅತ್ತೆಯದು, ಅತ್ತೆಗೆ ಅವಳ ಅತ್ತೆಯಿಂದ ಬಂದದ್ದು. ಮದುವೆಯಾಗಿ ಬಂದ ದಿನ ಅತ್ತೆ ಅವಳಿಗೆ ಬೀಗದ ಕೈ ಕೊಡಲಿಲ್ಲ, ಇಕ್ಕಳ ಕೊಟ್ಟಳು. ಮನೆ ನೋಡಿಕೋ ಅನ್ನಲಿಲ್ಲ, ಒಲೆ ನೋಡಿಕೋ ಅಂದಳು. ಅಂದಿನಿಂದ ಅವ್ವ ನೋಡಿಕೊಂಡು ಬಂದಿದ್ದಳು. ಊಟದ ಹೊತ್ತು ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚುವುದು, ಬೆಳಗಾದ ಮೇಲೆ ಬೂದಿ ಸರಿಸಿ ಊದುವುದು. ಗಂಡ ತೀರಿಕೊಂಡ ದಿನ ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ಹಿರಿಯರು ಹೇಳಿದಾಗ ಅವ್ವ ಹಚ್ಚಲಿಲ್ಲ, ಆದರೆ ಆರಿಸಲೂ ಇಲ್ಲ. ಬೂದಿಯ ಕೆಳಗೆ ಕೆಂಡ ಬದುಕಿಯೇ ಇತ್ತು. ಬಿಸಿ ಹಂಚಿನ ಮೇಲೆ ರೊಟ್ಟಿಯನ್ನು ಬೆರಳಲ್ಲೇ ಮಗುಚಿ ಮಗುಚಿ ಅವಳ ಬೆರಳುಗಳು ಒರಟಾಗಿ ಹೋಗಿದ್ದವು.

ಹೀಗಿರುವಾಗ ಒಂದು ಜಡ್ಡು ಬಂತು. ಎಂಥ ಜಡ್ಡು ಅಂದರೆ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕಿದರೆ ಸಾಕು, ಇಬ್ಬರೂ ಹಾಸಿಗೆ ಹಿಡಿಯುವುದು. ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೇ ಇರಬೇಕು ಅಂತ ಸರಕಾರದ ಅಪ್ಪಣೆಯಾಯಿತು. ಸರಕಾರ ಇದ್ದದ್ದು ಊರಾಚೆಯ ಗುಡ್ಡದ ಮೇಲೆ, ದೊಡ್ಡ ದೊಡ್ಡ ಕಿಟಕಿಗಳ ಒಂದು ಮನೆಯಲ್ಲಿ. ಅಲ್ಲಿಂದ ನೋಡಿದರೆ ಊರೆಲ್ಲ ಕಾಣುತ್ತಿತ್ತಂತೆ, ಜನ ಮಾತ್ರ ಕಾಣುತ್ತಿರಲಿಲ್ಲವಂತೆ. ಜನ ಬಾಗಿಲು ಹಾಕಿಕೊಂಡರು. ಜಡ್ಡು ಹೋಯಿತು, ಬಾಗಿಲು ತೆರೆಯಿತು, ಆದರೆ ಓಣಿಗೆ ಬರುವ ಅಭ್ಯಾಸ ತಪ್ಪಿಹೋಗಿತ್ತು. ಇದ್ದದ್ದರಲ್ಲೇ ಏನೋ ಒಂದು ಬೇಯಿಸಿಕೊಂಡು ತಿಂದು ಜನ ಮನೆಯಲ್ಲೇ ಉಳಿದರು. ಚಹಾ ಕುದಿದು ಕುದಿದು ಕಹಿಯಾಯಿತು. ಭಜಿ ಬುಟ್ಟಿಯಲ್ಲೇ ಮೆತ್ತಗಾಯಿತು. ಜೋಳ ತುಂಬಿಡುವ ಅವ್ವನ ಮಣ್ಣಿನ ವಾಡೆ ತಳ ಕಾಣತೊಡಗಿತು. ತಪ್ಪದೆ ಬರುತ್ತಿದ್ದವನೆಂದರೆ ಒಬ್ಬ ಹಮಾಲ, ಮೂಟೆ ಹೊರುವವನು. ಮನೆ ಅಂತ ಇದ್ದರೆ ತಾನೇ ಅವನು ಮನೆಯಲ್ಲಿ ಉಣ್ಣುವುದು?

ಆಗ ಸರಕಾರಕ್ಕೆ ಕರುಣೆ ಬಂತು. ಸರಕಾರದ ಕರುಣೆ ಬರುವುದು ಯಾವಾಗಲೂ ಡಂಗುರದ ಜೊತೆ. ಕಷ್ಟಕ್ಕೆ ಸಿಕ್ಕ ಒಲೆಗಳಿಗೆಲ್ಲ ಮೂಟೆಗಟ್ಟಲೆ ಜೋಳ, ಬಂಡಿಗಟ್ಟಲೆ ಕಟ್ಟಿಗೆ ಪರಿಹಾರ ಬರುತ್ತದೆ ಅಂತ ಡಂಗುರದವನು ಸಾರಿದ. ಓಣಿಯವರು ಕೈಮುಗಿದರು. ಆದರೆ ನಿಜವಾಗಿ ಕಷ್ಟಕ್ಕೆ ಸಿಕ್ಕ ಒಲೆಗೆ ಮಾತ್ರ ಅಂತ ಅವನು ಮುಂದುವರಿಸಿದ. ಅದೂ ನ್ಯಾಯವೇ ಅಂದರು ಓಣಿಯವರು. ನಿಜವಾದ ಕಷ್ಟದ ಒಲೆ ಅಂದರೆ ತಣ್ಣಗಿರುವ ಒಲೆ, ಬಿಸಿ ಇರುವ ಒಲೆಗೆ ಎಂಥ ಕಷ್ಟ, ಅಂತ ಹೇಳಿ ಅವನು ಡಂಗುರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಂಟುತ್ತಾ ನಡೆಯುವವನಿಗೆ ಕೋಲು ಕೊಡುವುದಿಲ್ಲ, ಪೂರಾ ಬಿದ್ದರೆ ಮಾತ್ರ ಕೊಡುತ್ತೇವೆ ಅಂದಹಾಗಾಯಿತು.

ಮೊದಲು ಒಲೆ ಆರಿಸಿದವನು ಚಹಾದವನು. ಅವನಿಗೆ ಹೊಟ್ಟೆಗೆ ಕೇಳುವ ಮಕ್ಕಳಿದ್ದರು, ಕಾಯುವ ಪುರುಸೊತ್ತು ಇರಲಿಲ್ಲ. ಒಂದು ಸಲ ಮೂಟೆ ಮನೆಗೆ ಬಂದು ಬೀಳಲಿ, ಆಮೇಲೆ ಅವ್ವನ ಹತ್ತಿರ ಒಂದು ಕೆಂಡ ಇಸಿದುಕೊಂಡರೆ ಆಯಿತು ಅಂತ ಅವನ ಲೆಕ್ಕಾಚಾರ. ಒಲೆಗೆ ನೀರು ಹೊಯ್ದು, ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ಕೂತ. ಹಾಗೆ ಕೂರಬೇಕು ಅಂತ ಯಾರೂ ಹೇಳಿರಲಿಲ್ಲ, ಆದರೂ ಇರಲಿ ಅಂತ.

ಅಮಾವಾಸ್ಯೆಯ ಮಧ್ಯಾಹ್ನ ಅಂಗೈ ಸಾಹೇಬರು ಬಂದರು. ಒಲೆ ಬಿಸಿಯೋ ತಣ್ಣಗೋ ಅಂತ ಅಳೆಯಲಿಕ್ಕೆ ಸರಕಾರ ನೇಮಿಸಿದವರು ಇವರು. ಅಳತೆಗೆ ಇದ್ದದ್ದು ಅವರ ಬಲ ಅಂಗೈ ಒಂದೇ, ಅದಕ್ಕೇ ಆ ಅಂಗೈಗೆ ಸಾಹೇಬರಿಗಿಂತ ಹೆಚ್ಚಿನ ಮರ್ಯಾದೆ. ದಾರಿಯ ಬಿಸಿಲು ತಾಕಿದರೆ ಅಳತೆ ತಪ್ಪೀತು, ಯಾರಾದರೂ ಕೈಕುಲುಕಿದರೆ ಅಳತೆ ತಪ್ಪೀತು, ಬಿಸಿ ಅನ್ನ ಮುಟ್ಟಿದರಂತೂ ಕೇಳುವುದೇ ಬೇಡ. ಹಾಗಾಗಿ ಸಾಹೇಬರು ಊಟ ಮಾಡುತ್ತಿದ್ದದ್ದು ಎಡಗೈಯಲ್ಲಿ, ಅದೂ ಹಿಂದಿನ ದಿನದ್ದು. ಬಲಗೈಯನ್ನು ಮಣಿಕಟ್ಟಿನವರೆಗೂ ತಣ್ಣೀರಿನ ಬಿಂದಿಗೆಯಲ್ಲಿ ಅದ್ದಿಟ್ಟುಕೊಂಡೇ ಇರುತ್ತಿದ್ದರು. ನೀರಿಗೆ ಲಾವಂಚದ ಬೇರು ಹಾಕಿರುತ್ತಿತ್ತು. ಬಿಂದಿಗೆ ಹೊರಲಿಕ್ಕೆ ಒಬ್ಬ ಆಳು, ಅವನ ಹೆಸರೇ ಬಿಂದಿಗೆಯವ. ಸಾಹೇಬರು ನಿಂತರೆ ಅವನು ನಿಲ್ಲಬೇಕು, ಅವರು ಕೂತರೆ ಕೂರಬೇಕು, ಅವರು ಸೀನಿದರೆ ಬಿಂದಿಗೆ ತುಳುಕದಂತೆ ಹಿಡಿಯಬೇಕು.

ಸಾಹೇಬರು ಚಹಾದವನ ಒಲೆಯ ಮುಂದೆ ನಿಂತರು. ಬಿಂದಿಗೆಯಿಂದ ಅಂಗೈ ಎತ್ತಿದರು. ಅದು ಬೆಳ್ಳಗೆ ಸುಕ್ಕುಗಟ್ಟಿತ್ತು. ಬಿಂದಿಗೆಯವ ರೇಷ್ಮೆ ಬಟ್ಟೆಯಲ್ಲಿ ಅದನ್ನು ಒರೆಸಿದ. ಅಂಗೈ ಒಲೆಯ ಮೇಲೆ ಇಳಿಯಿತು. ಓಣಿಯೆಲ್ಲ ಉಸಿರು ಹಿಡಿದು ನಿಂತಿತು. ಸಾಹೇಬರು ಕಣ್ಣು ಮುಚ್ಚಿದರು, ತಲೆ ಅಲ್ಲಾಡಿಸಿದರು, ನಿಜವಾದ ವ್ಯಥೆಯಿಂದ ಹೇಳಿದರು:

“ಇನ್ನೂ ಬೆಚ್ಚಗಿದೆ. ಮುಂದಿನ ಸಲ ನೋಡೋಣ.”

ಚಹಾದವನು ಹುಚ್ಚುಹಿಡಿದವನಂತೆ ಒಲೆ ಮುಟ್ಟಿ ಮುಟ್ಟಿ ನೋಡಿದ. ಅದು ಹೆಣದಂತೆ ತಣ್ಣಗಿತ್ತು. ಆದರೆ ಅವನ ಕೈ ಸರಕಾರದ ಕೈಯಲ್ಲವಲ್ಲ. ತನ್ನ ಕೈಗಿಂತ ಸರಕಾರದ ಕೈಗೆ ಹೆಚ್ಚು ತಿಳಿದಿರುತ್ತದೆ ಅಂತ ಅವನೂ ನಂಬಿದ, ಓಣಿಯೂ ನಂಬಿತು. ನೋಡಿ, ಹೀಗೆ ನಂಬುವವರು ಇರುವುದರಿಂದಲೇ ಸರಕಾರಗಳು ನೆಮ್ಮದಿಯಾಗಿ ನಿದ್ದೆ ಮಾಡುತ್ತವೆ.

ಆಮೇಲೆ ಶುರುವಾಯಿತು ಒಲೆ ತಣಿಸುವ ವ್ರತ. ಬೆಳಿಗ್ಗೆ ಎದ್ದು ಒಲೆಗೆ ನೀರೆರೆಯುವುದು, ಮಧ್ಯಾಹ್ನ ಒದ್ದೆ ಗೋಣಿ ಹೊದಿಸುವುದು, ಸಂಜೆ ಗಂಧ ತೇಯ್ದು ಹಚ್ಚುವುದು. ಭಜಿಯವನು ಆರಿಸಿದ. ದೋಸೆಯವಳು ಆರಿಸಿದಳು. ಗಿರ್ಮಿಟ್ಟಿನವನು ಆರಿಸಿದ, ಇಬ್ಬನಿ ನೇರ ಒಲೆಗೇ ಬೀಳಲಿ ಅಂತ ಮೇಲಿನ ಹೆಂಚನ್ನೂ ತೆಗೆಸಿದ. ಕಟ್ಟಿಗೆಯಲ್ಲಿ ಬಿಸಿ ಅಡಗಿರುತ್ತದೆ ಅಂತ ಯಾರೋ ಹೇಳಿದ್ದಕ್ಕೆ ತಮ್ಮ ತಮ್ಮ ಕಟ್ಟಿಗೆಯನ್ನೆಲ್ಲ ಹೊಂಡಕ್ಕೆ ಎಸೆದರು. ಅಮಾವಾಸ್ಯೆ ಬಂತು, ಅಂಗೈ ಬಂತು. ಇನ್ನೂ ಬೆಚ್ಚಗಿದೆ, ಮುಂದಿನ ಸಲ ನೋಡೋಣ. ಮತ್ತೆ ಅಮಾವಾಸ್ಯೆ, ಮತ್ತೆ ಅಂಗೈ, ಮತ್ತೆ ಅದೇ ಮಾತು.

ಹಾಗಂತ ಪರಿಹಾರ ಯಾರಿಗೂ ಸಿಗಲಿಲ್ಲ ಅಂತ ಹೇಳಿದರೆ ಸರಕಾರಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಗೋದಾಮಿನ ಸಾಹುಕಾರನಿಗೆ ಸಿಕ್ಕಿತು. ಅವನು ಜನ್ಮದಲ್ಲಿ ಒಂದು ಲೋಟ ನೀರು ಕಾಯಿಸಿದವನಲ್ಲ. ಗೋದಾಮಿನ ನೆಲಮಾಳಿಗೆಯಲ್ಲಿ, ಬಿಸಿಲು ಕಾಣದ ಜಾಗದಲ್ಲಿ, ಹಸಿ ಮಣ್ಣಿನ ಒಲೆಗಳನ್ನು ಸಾಲಾಗಿ ಹಾಕಿಸಿದ. ಹಿಂದೆಂದೂ ಹೊತ್ತದ, ಮುಂದೆಂದೂ ಹೊತ್ತಲಾರದ ಒಲೆಗಳು. ಸಾಹೇಬರ ಅಂಗೈ ಅಲ್ಲಿ ಇಳಿದದ್ದೇ ತಡ, ಅವರ ಕಣ್ಣು ತುಂಬಿ ಬಂತು. ಇಷ್ಟು ಕಷ್ಟದ ಒಲೆಗಳನ್ನು ತಮ್ಮ ನೌಕರಿಯಲ್ಲೇ ನೋಡಿರಲಿಲ್ಲ ಅಂದರು. ಮೂಟೆಗಳು ಬಂಡಿ ಬಂಡಿಯಾಗಿ ಗೋದಾಮಿಗೆ ಹೋದವು. ಅವನ್ನು ಹೊತ್ತು ಒಳಗಿಟ್ಟವನು ಅದೇ ಹಮಾಲ. ಒಂದು ಮೂಟೆ ಓಣಿಯ ಕಡೆ ತಿರುಗಿದರೆ ಏನು ಹೋಗುತ್ತಿತ್ತು ಅಂತ ಅವನು ಅವ್ವನ ಹತ್ತಿರ ಉಣ್ಣುತ್ತಾ ಗೊಣಗಿದ.

ಹೌದು, ಅವ್ವನ ಹತ್ತಿರ ಉಣ್ಣುತ್ತಾ. ಓಣಿಯಲ್ಲಿ ಉರಿಯುತ್ತಿದ್ದ ಒಲೆ ಈಗ ಅದೊಂದೇ. ಓಣಿಯಲ್ಲಿ ಏನು ಬಂತು, ಊರಿಗೇ ಅದೊಂದೇ. ಊರಿನ ಮನೆಮನೆಯವರೂ, ತಣ್ಣಗಿದ್ದರೆ ತಮಗೂ ಏನಾದರೂ ಸಿಕ್ಕೀತು ಅಂತ ಒಂದೊಂದಾಗಿ ಆರಿಸಿಬಿಟ್ಟಿದ್ದರು. ಎಲ್ಲರಿಗೂ ಒಂದೇ ಧೈರ್ಯ, ಬೇಕಾದಾಗ ಅವ್ವನ ಹತ್ತಿರ ಕೆಂಡ ಇದ್ದೇ ಇದೆ. ಅವ್ವನಿಗೂ ಪರಿಹಾರ ಬೇಕಿತ್ತು, ಬೇಡ ಅನ್ನುವಷ್ಟು ಉಳ್ಳವಳೇನಲ್ಲ. ವಾಡೆಯ ತಳ ಕೆರೆದು ಕೆರೆದು ಜೋಳ ತೆಗೆಯುತ್ತಿದ್ದಳು. ಆದರೆ ಹಮಾಲ ಬಂದು ಕೂರುತ್ತಿದ್ದನಲ್ಲ, ಅವನ ಮುಂದೆ ಏನಿಡುವುದು? ಅಷ್ಟಕ್ಕೇ ಅವಳ ಒಲೆ ಉರಿಯುತ್ತಿತ್ತು. ಅದರಲ್ಲಿ ದೊಡ್ಡ ಧೀರತನ ಏನೂ ಇರಲಿಲ್ಲ.

ಒಂದು ಅಮಾವಾಸ್ಯೆ, ಸಾಹೇಬರು ಹೊರಡುವಾಗ ಬಿಂದಿಗೆಯವ ಚಹಾದವನ ಕಿವಿಯಲ್ಲಿ ಒಂದು ಮಾತು ಹೇಳಿ ಹೋದ. ಓಣಿಯ ಒಲೆಗಳು ಯಾಕೆ ತಣ್ಣಗಾಗುತ್ತಿಲ್ಲ ಅಂತ ಅವನಿಗೆ ಹೊಳೆದಿತ್ತಂತೆ. ಆ ತುದಿಯ ಖಾನಾವಳಿಯ ಬಿಸಿ ಗೋಡೆಯಿಂದ ಗೋಡೆಗೆ ದಾಟಿಕೊಂಡು ಬರುತ್ತಿದೆಯಂತೆ. ಆ ಮಾತು ಸಂಜೆಯ ಹೊತ್ತಿಗೆ ಓಣಿಯೆಲ್ಲ ಸುತ್ತಿತು. ಆವರೆಗೂ ಅವ್ವನ ಒಲೆ ಅಂದರೆ ಎಲ್ಲರಿಗೂ ಆಸರೆಯಾಗಿತ್ತು. ಈಗ ಅದೇ ಒಲೆ ಕಣ್ಣು ಕುಕ್ಕತೊಡಗಿತು. ಅವಳೊಬ್ಬಳು ಬಿಸಿ ರೊಟ್ಟಿ ತಿನ್ನಲಿಕ್ಕೆ ನಾವೆಲ್ಲ ಉಪವಾಸ ಬೀಳಬೇಕೇ ಅಂದಳು ದೋಸೆಯವಳು. ಮೊನ್ನೆ ತಾನೇ ಅವ್ವ ಅವಳ ಮಕ್ಕಳಿಗೆ ರೊಟ್ಟಿ ಕಳಿಸಿದ್ದಳು.

ಓಣಿಯವರೆಲ್ಲ ಒಟ್ಟಾಗಿ ಖಾನಾವಳಿಗೆ ಬಂದರು. ಯಾರ ಕೈಯಲ್ಲೂ ಮಡಕೆಯ ಚೂರು ಇರಲಿಲ್ಲ. ಮುಂದೆ ನಿಂತವನು ಚಹಾದವನು. ಅವನು ಅಂಗಡಿ ಇಟ್ಟ ದಿನ ಮೊದಲ ಕೆಂಡ ಕೊಟ್ಟವಳು ಅವ್ವನೇ. ಅವನು ನೆಲ ನೋಡುತ್ತಾ ಹೇಳಿದ:

“ಅವ್ವಾ, ನಿನ್ನ ಒಲಿ ಆರಿಸಬೇಕು. ಮಕ್ಕಳು ಹಸಿ ಹಿಟ್ಟು ತಿಂದು ಹೊಟ್ಟಿ ಹಿಡಕೊಂಡು ಅಳಾಕತ್ತಾವ.”

“ಆರಸ್ತೀನಿ ತಮ್ಮಾ. ಆರಿಸಿದ ಮ್ಯಾಲ ಮತ್ತ ಹಚ್ಚೂದು ಎಲ್ಲಿಂದ?”

ಅದನ್ನು ಯಾರೂ ಯೋಚಿಸಿರಲಿಲ್ಲ. ಕೊನೆಗೆ ಭಜಿಯವನು, ಇಷ್ಟೆಲ್ಲ ಮಾಡುವ ಸರಕಾರ ಅಷ್ಟು ಮಾಡದೇ ಇರುತ್ತದೆಯೇ ಅಂದ. ಎಲ್ಲರೂ ಹೌದು ಹೌದು ಅಂದರು. ಇಷ್ಟೆಲ್ಲ ಅಂದರೆ ಎಷ್ಟು ಅಂತ ಯಾರೂ ಕೇಳಲಿಲ್ಲ.

ಅವ್ವನಿಗೆ ಸಿಟ್ಟು ಬಂತು. ಆದರೆ ಚಹಾದವನ ಹೆಂಡತಿಯ ಸೊಂಟದ ಮೇಲಿದ್ದ ಕೂಸು ಹಂಚಿನ ಕಡೆಗೇ ನೋಡುತ್ತಿತ್ತು. ಈ ಒಲೆ ಆರಿದರೆ ತಾನು ಅತ್ತೆಗೆ ಏನು ಹೇಳಬೇಕು? ಆರದಿದ್ದರೆ ಈ ಕೂಸಿಗೆ ಏನು ಹೇಳಬೇಕು? ಸತ್ತ ಅತ್ತೆಗೆ ಹೇಗೋ ಸಮಜಾಯಿಷಿ ಕೊಡಬಹುದು ಅನ್ನಿಸಿತು. ಇದ್ದ ಹಿಟ್ಟನ್ನೆಲ್ಲ ನಾದಿ, ಹಲಗೆಯ ಮೇಲೆ ರೊಟ್ಟಿ ಬಡಿದು, ಬಂದವರಿಗೆಲ್ಲ ಒಂದೊಂದು ತುಂಡು ಕೊಟ್ಟಳು. ಬಂದವರು ನಾಚಿಕೆಯಿಲ್ಲದೆ ತಿಂದರು. ಕೊನೆಯ ರೊಟ್ಟಿ ಹಮಾಲನಿಗೆ ಕೊಟ್ಟು, ಕೊಡ ಎತ್ತಿ ಒಲೆಯ ಬಾಯಿಗೆ ಸುರಿದಳು. ಚುಂಯ್ ಅಂತು. ಬೂದಿ ಮೇಲೆದ್ದು ಅವಳ ಮುಖಕ್ಕೆ ಬಡಿಯಿತು. ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳು, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ಊರಲ್ಲಿ ಹೊಗೆ ಏಳಲಿಲ್ಲ. ಜನ ನೆನೆಸಿದ ಕಡಲೆ ತಿಂದರು, ಹಿಟ್ಟು ಕಲಸಿ ಕುಡಿದರು, ಹಸಿ ಗೆಣಸು ಕಡಿದರು. ಎಲ್ಲರ ಮುಖವೂ ಸಪ್ಪಗಾಯಿತು. ಬಿಸಿ ಅನ್ನುವ ಮಾತು ಬಾಯಿಗೆ ಬಂದರೆ ಅಕ್ಕಪಕ್ಕ ನೋಡಿ ನುಂಗಿಕೊಳ್ಳುತ್ತಿದ್ದರು. ಅಮಾವಾಸ್ಯೆ ಹತ್ತಿರ ಬಂದಂತೆ ಓಣಿಯಲ್ಲಿ ಹಬ್ಬದ ಸಡಗರ. ಈ ಸಲ ತಪ್ಪುವ ಮಾತೇ ಇಲ್ಲ ಅಂತ ಚಹಾದವನು ಮೂಟೆ ಇಡಲಿಕ್ಕೆ ಮೂಲೆ ಗುಡಿಸಿ ಇಟ್ಟಿದ್ದ.

ಸಾಹೇಬರು ಬಂದರು. ನೇರ ಖಾನಾವಳಿಗೇ ಬಂದರು, ಹಿಂದೆ ಇಡೀ ಓಣಿ. ಅವ್ವ ಒಲೆಯ ಪಕ್ಕದಲ್ಲಿ ನಿಂತಿದ್ದಳು. ಬಿಂದಿಗೆಯಿಂದ ಅಂಗೈ ಎದ್ದಿತು, ರೇಷ್ಮೆ ಬಟ್ಟೆ ಒರೆಸಿತು, ಅಂಗೈ ಇಳಿಯಿತು. ಸಾಹೇಬರು ಕಣ್ಣು ಮುಚ್ಚಿದರು.

“ಇನ್ನೂ ಬೆಚ್ಚಗಿದೆ. ಮುಂದಿನ ಸಲ—”

ಅವ್ವ ಆ ಕೈಯನ್ನು ಗಬಕ್ಕನೆ ಹಿಡಿದುಕೊಂಡಳು. ಸರಕಾರದ ಅಂಗೈಯನ್ನು ಯಾರೂ ಮುಟ್ಟಿದ್ದಿಲ್ಲ, ಮುಟ್ಟಬಹುದು ಅಂತ ಯಾರಿಗೂ ಅನ್ನಿಸಿದ್ದೂ ಇಲ್ಲ. ಬಿಂದಿಗೆಯವನ ಕೈಯಿಂದ ನೀರು ಚೆಲ್ಲಿತು. ಅವ್ವ ಆ ಬಿಳೀ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟು ಒತ್ತಿ ನೋಡಿದಳು, ಮಗುಚಿ ನೋಡಿದಳು. ಸತ್ತ ಮೀನು ಹಿಡಿದಂತಿತ್ತು. ಅವಳು ದನಿ ಏರಿಸಲಿಲ್ಲ.

“ಒಲಿ ಬೆಚ್ಚಗಿಲ್ರೀ ಸಾಹೇಬ್ರ. ನಿಮ್ಮ ಕೈ ಸತ್ತೈತಿ. ಸತ್ತ ಕೈಗೆ ಹೆಣಾನೂ ಬೆಚ್ಚಗ ಹತ್ತತೈತಿ. ಇದರ ಮಾತು ಕೇಳಿ ನಾ ನಮ್ಮತ್ತಿ ಒಲಿ ಆರಿಸಿಬಿಟ್ನೆಲ್ರೀ.”

ಎಷ್ಟೋ ಕಾಲದ ಮೇಲೆ ಮನುಷ್ಯರ ಕೈಯೊಂದು ಸಾಹೇಬರಿಗೆ ತಾಕಿತ್ತು. ಅವರಿಗೆ ಅದನ್ನು ಬಿಡಿಸಿಕೊಳ್ಳುವ ಮನಸ್ಸಿರಲಿಲ್ಲ ಅಂತ ಹಮಾಲ ಆಮೇಲೆ ಹೇಳುತ್ತಿದ್ದ. ಆದರೆ ಬಿಂದಿಗೆಯವ ಚುರುಕು. ಅಳತೆಯ ಸಾಧನಕ್ಕೆ ಫಲಾನುಭವಿಯ ಬಿಸಿ ತಾಕಿದೆ, ಆದ್ದರಿಂದ ಈ ದಿನದ ತಪಾಸಣೆ ಅಸಿಂಧು ಅಂತ ಹೇಳಿ, ಸಾಹೇಬರ ಕೈಯನ್ನು ಬಿಂದಿಗೆಗೆ ತುರುಕಿ, ಅವರನ್ನು ಎಳೆದುಕೊಂಡು ಹೋದ.

ಅವ್ವನನ್ನು ಹಿಡಿದುಕೊಂಡು ಹೋಗುತ್ತಾರೆ ಅಂತ ಓಣಿಯವರು ಹೆದರಿ ಬಾಗಿಲು ಹಾಕಿಕೊಂಡರು. ಹಾಗೇನೂ ಆಗಲಿಲ್ಲ. ಗುಡ್ಡದ ಮೇಲೆ ಸುದ್ದಿ ತಿಳಿದು ಸರಕಾರ ಸಿಟ್ಟಾಗಲಿಲ್ಲ, ಬದಲಿಗೆ ಮತ್ತೆ ಕರುಣೆಯಿಂದ ಕರಗಿತು. ಪ್ರಜೆಗಳ ದೂರು ಏನು? ಸರಕಾರದ ಕೈ ತಣ್ಣಗಿದೆ ಅಂತ. ಹಾಗಾದರೆ ಬಿಸಿ ಮಾಡೋಣ. ಪ್ರಜೆಗಳ ಕೊರತೆ ಏನು? ಬೆಂಕಿ ಇಲ್ಲ ಅಂತ. ಹಾಗಾದರೆ ಜೋಳ ಸಾಕು, ಬೆಂಕಿ ಕೊಡೋಣ. ಗುಡ್ಡದ ಮನೆಯ ಒಲೆಯನ್ನು ಯಾರೂ ಆರಿಸಿರಲಿಲ್ಲವಲ್ಲ. ಡಂಗುರದವನು ಮತ್ತೆ ಬಂದ. ಎಲ್ಲ ಒಲೆಗಳಿಗೂ ಸರಕಾರದ ವತಿಯಿಂದ ಬೆಂಕಿ ಅಂತ ಸಾರಿದ. ಆದರೆ ಕೊಟ್ಟ ಬೆಂಕಿ ದಂಡವಾಗಬಾರದು ನೋಡಿ, ಬೆಂಕಿ ಉಳಿಸಿಕೊಳ್ಳುವ ಯೋಗ್ಯತೆ ಇದ್ದವರಿಗೆ ಮಾತ್ರ ಸಿಗಬೇಕು. ಯೋಗ್ಯತೆ ಗೊತ್ತಾಗುವುದು ಹೇಗೆ? ಯಾರ ಒಲೆ ಬಿಸಿ ಇದೆಯೋ ಅವರು ಯೋಗ್ಯರು.

ಓಣಿಯವರು ನಕ್ಕಿರಬೇಕು ಅಂದುಕೊಂಡಿರಾ? ಇಲ್ಲ. ಮರುದಿನದಿಂದಲೇ ಒಲೆ ತಿಕ್ಕತೊಡಗಿದರು. ಬರಿಗೈಯಲ್ಲಿ ಕಲ್ಲನ್ನು ತಿಕ್ಕುವುದು, ಕಂಬಳಿ ಹೊದಿಸುವುದು, ಒಲೆಯನ್ನು ತಬ್ಬಿಕೊಂಡು ಮಲಗುವುದು. ಚಹಾದವನು ಮಕ್ಕಳನ್ನೆಲ್ಲ ಸರದಿಯ ಮೇಲೆ ಒಲೆಯ ಮೇಲೆ ಕೂರಿಸಿದ. ಅವ್ವ ಮಾತ್ರ ತಿಕ್ಕಲಿಲ್ಲ. ಆರಿದ ಒಲೆಯ ಮುಂದೆ ಇಕ್ಕಳ ಹಿಡಿದು ಸುಮ್ಮನೆ ಕೂತಿರುತ್ತಿದ್ದಳು. ಹಮಾಲ ಬಂದು ಎದುರಿಗೆ ಕೂರುತ್ತಿದ್ದ, ಸ್ವಲ್ಪ ಹೊತ್ತು ಕೂತು ಏನೂ ಉಣ್ಣದೆ ಎದ್ದು ಹೋಗುತ್ತಿದ್ದ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಅಮಾವಾಸ್ಯೆಗೆ ಸಾಹೇಬರು ಹೊಸ ವೈಭವದಲ್ಲಿ ಬಂದರು. ಬಿಂದಿಗೆ ಈಗ ಹಂಡೆಯಾಗಿತ್ತು. ಹಂಡೆಯಲ್ಲಿ ಬಿಸಿನೀರು, ನೀರಲ್ಲಿ ಸಾಹೇಬರ ಅಂಗೈ, ಸುತ್ತ ಆವಿ. ನೀರು ದಾರಿಯಲ್ಲಿ ಆರಬಾರದು ಅಂತ ಹಂಡೆಯನ್ನು ಒಂದು ಅಗ್ಗಿಷ್ಟಿಕೆಯ ಮೇಲೆ ಕೂರಿಸಿ, ಅಗ್ಗಿಷ್ಟಿಕೆಯನ್ನು ಗಾಡಿಯ ಮೇಲೆ ಕೂರಿಸಿ, ಗಾಡಿಯನ್ನು ಬಿಂದಿಗೆಯವ ತಳ್ಳುತ್ತಿದ್ದ. ಸಾಹೇಬರ ಮುಖ ಕೆಂಪಗಾಗಿತ್ತು, ಅಂಗೈ ಬೇಯಿಸಿದ ಬೀಟ್‌ರೂಟಿನಂತಾಗಿತ್ತು. ಚಹಾದವನ ಒಲೆಯ ಮೇಲೆ ಕೈ ಇಳಿಯಿತು. ತಣ್ಣಗಿದೆ ಅಂದರು, ಮುಂದಿನ ಸಲ ನೋಡೋಣ ಅಂದರು. ಭಜಿಯವನದು ತಣ್ಣಗಿದೆ. ದೋಸೆಯವಳದು ತಣ್ಣಗಿದೆ. ಬೇಯುತ್ತಿರುವ ಕೈಗೆ ಇನ್ನೇನು ಅನ್ನಿಸಬೇಕು ಹೇಳಿ.

ಮೆರವಣಿಗೆ ಖಾನಾವಳಿಯ ಮುಂದೆ ನಿಂತಿತು. ಸಾಹೇಬರು ಅವ್ವನ ಮುಖ ನೋಡದೆ ಒಳಗೆ ಹೋದರು, ಬಿಂದಿಗೆಯವ ಬಟ್ಟೆ ಹಿಡಿದು ಹಿಂದೆ ಹೋದ. ಓಣಿಯವರ ಕಣ್ಣೆಲ್ಲ ಅಂಗೈಯ ಮೇಲೆ. ಅವ್ವನ ಕಣ್ಣು ಗಾಡಿಯ ಮೇಲೆ. ಹಂಡೆಯ ಕೆಳಗೆ ಏನಿರುತ್ತದೆ? ನೀರು ತಾನಾಗೇ ಕುದಿಯುತ್ತದೆಯೇ? ಎಲ್ಲರಿಗೂ ಆವಿ ಕಂಡಿತ್ತು, ಯಾರೂ ಬಗ್ಗಿ ನೋಡಿರಲಿಲ್ಲ. ಅವ್ವ ಬಗ್ಗಿದಳು. ಕೆಂಡಗಳು ಕೆಂಪಗೆ ಉಸಿರಾಡುತ್ತಿದ್ದವು. ಇಕ್ಕಳ ಒಳಗೆ ಉಳಿದಿತ್ತು. ಅದನ್ನು ತರುವಷ್ಟು ತಾಳ್ಮೆ ಯಾರಿಗಿದೆ? ಬರಿಗೈ ಹಾಕಿ ಒಂದು ಕೆಂಡ ಎತ್ತಿಕೊಂಡಳು.

ಒಳಗೆ ಸಾಹೇಬರ ಅಂಗೈ ಇನ್ನೂ ಗಾಳಿಯಲ್ಲೇ ಇತ್ತು. ಅವ್ವ ಅವರನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ ಕೆಂಡವನ್ನು ಒಲೆಗೆ ಹಾಕಿದಳು. ಕಟ್ಟಿಗೆ ಇಲ್ಲ. ಓಣಿಯ ಕಟ್ಟಿಗೆಯೆಲ್ಲ, ಒಲೆ ಆರಿಸಿದ ದಿನ ಎಸೆದ ಅವಳದ್ದೂ ಸೇರಿ, ಹೊಂಡದಲ್ಲಿ ಕೊಳೆಯುತ್ತಿದೆ. ಸುತ್ತ ನೋಡಿದಳು. ಮನೆಯಲ್ಲಿ ಒಣಗಿದ್ದೆಂದರೆ ರೊಟ್ಟಿ ಬಡಿಯುವ ಹಲಗೆ ಒಂದೇ, ಅತ್ತೆಯ ಕಾಲದ್ದು, ನಡುವೆ ಸವೆದು ತಟ್ಟೆಯಂತಾದದ್ದು. ಅದನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಸೀಳುಗಳನ್ನು ಕೆಂಡದ ಮೇಲಿಟ್ಟು, ಕೆನ್ನೆ ನೆಲಕ್ಕೆ ತಾಗಿಸಿ ಊದಿದಳು. ಕಣ್ಣಲ್ಲಿ ನೀರು ಬರುವವರೆಗೂ ಊದಿದಳು. ಹೊಗೆ ಬಂತು, ಆಮೇಲೆ ಉರಿ ಬಂತು. ಓಣಿಯವರು ಆ ಹೊಗೆಗೆ ಕೆಮ್ಮುತ್ತಾ ಅಲ್ಲೇ ನಿಂತು ಅತ್ತರು.

ಅದು ಸರಕಾರದ ಬೆಂಕಿ, ಕದ್ದದ್ದು, ಅಂತ ಬಿಂದಿಗೆಯವ ಕೂಗಾಡಿದ. ಸಾಹೇಬರು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. ಅವರು ನಿಯಮದ ಮನುಷ್ಯ. ತಪಾಸಣೆ ಇನ್ನೂ ಮುಗಿದಿರಲಿಲ್ಲ. ಅಂಗೈಯನ್ನು ಒಲೆಯ ಮೇಲೆ ಇಳಿಸಿದರು, ಕಣ್ಣು ಮುಚ್ಚಿದರು, ಅಂಗೈಯನ್ನು ಸಟಕ್ಕನೆ ಎಳೆದುಕೊಂಡರು.

“ಬಿಸಿ ಇದೆ. ಯೋಗ್ಯರು. ಇವರಿಗೆ ಒಂದು ಕೆಂಡ ಮಂಜೂರು.”

ಬಿಂದಿಗೆಯವ ಹಲ್ಲು ಕಡಿಯುತ್ತಾ ಇಕ್ಕಳದಲ್ಲಿ ಇನ್ನೊಂದು ಕೆಂಡ ತಂದು, ಧಗಧಗ ಉರಿಯುವ ಒಲೆಗೆ ಶಾಸ್ತ್ರಕ್ಕೆ ಹಾಕಿದ. ತನಗೆ ಸಾಕು, ಇದನ್ನು ಚಹಾದವನಿಗೆ ಕೊಡಿ ಅಂದಳು ಅವ್ವ. ಅವನದು ತಣ್ಣಗಿದೆ, ಕೊಡಲಿಕ್ಕೆ ಬರುವುದಿಲ್ಲ ಅಂದರು ಸಾಹೇಬರು. ಅವ್ವ ಮಡಕೆಯ ಚೂರೊಂದರಲ್ಲಿ ಕೆಂಡ ತೆಗೆದು ತಾನೇ ಚಹಾದವನ ಕೈಗೆ ಕೊಟ್ಟಳು. ಅವನು ಅಂಗಡಿಯ ಕದ ಮುರಿದು ಒಲೆ ಹೊತ್ತಿಸಿದ. ಸಾಹೇಬರು ಹೋಗಿ ಮುಟ್ಟಿದರು, ಬಿಸಿ ಇದೆ ಅಂದರು, ಅವನಿಗೂ ಒಂದು ಕೆಂಡ ಮಂಜೂರಾಯಿತು. ಅವನು ಭಜಿಯವನಿಗೆ ಕೊಟ್ಟ, ಭಜಿಯವನು ದೋಸೆಯವಳಿಗೆ. ಒಲೆ ಮೊದಲು, ಮಂಜೂರಾತಿ ಹಿಂದೆ, ಹೀಗೆ ಓಣಿಯುದ್ದಕ್ಕೂ ಹೋಯಿತು. ಬೇಕಿದ್ದಾಗ ಯಾರಿಗೂ ಸಿಗದ ಬೆಂಕಿ ಬೇಡವಾದ ಮೇಲೆ ಎಲ್ಲರಿಗೂ ಸಿಕ್ಕಿತು. ಗೋದಾಮಿನ ಸಾಹುಕಾರನೂ ಚೂರು ಹಿಡಿದು ಅವ್ವನ ಬಾಗಿಲಿಗೆ ಬಂದ. ಇಲ್ಲ ಅನ್ನುವಂತಿಲ್ಲವಲ್ಲ, ಮುಖ ಆ ಕಡೆ ತಿರುಗಿಸಿಕೊಂಡು ಕೊಟ್ಟಳು. ಅವನು ಅದನ್ನು ಹಸಿ ಮಣ್ಣಿನ ಒಲೆಗೆ ಹಾಕಿ, ಕೈಕಟ್ಟಿ ಕಾಯುತ್ತಾ ನಿಂತ. ಅದು ಆರಿತು. ಬೆಂಕಿಗೆ ಏನಾದರೂ ಹಾಕುತ್ತಿರಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲವಂತೆ.

ಬಿಸಿಯ ವಾಸನೆಗೆ ಊರ ಜನ ಮನೆಯಿಂದ ಹೊರಬಂದರು. ಅಷ್ಟು ದಿನ ಹಸಿ ಹಿಟ್ಟು ನುಂಗಿದವರು ಓಣಿಯಲ್ಲಿ ನೂಕಾಡಿಕೊಂಡು ತಿಂದರು. ಒಲೆಗಳು ನಡೆದವು. ಜೋಳವನ್ನು ಓಣಿಯವರು ಸಾಹುಕಾರನ ಗೋದಾಮಿನಿಂದ ಕೊಂಡು ತಂದರು, ಪ್ರತಿ ಮೂಟೆಯ ಮೇಲೂ ಸರಕಾರದ ಮುದ್ರೆ ಇತ್ತು. ಹಾಗೆ ಪರಿಹಾರ ಕೊನೆಗೂ ಓಣಿಗೆ ಬಂದು ಮುಟ್ಟಿತು ಅನ್ನಲಿಕ್ಕೆ ಅಡ್ಡಿಯಿಲ್ಲ.

ಗುಡ್ಡದ ಮೇಲಿನವರಿಗೆ ಹೊಗೆ ಕಂಡಿತು. ಯೋಜನೆ ಗೆದ್ದಿತು ಅಂತ ಅಲ್ಲಿ ಸಿಹಿ ಹಂಚಿದರಂತೆ. ಕೆಲವು ದಿನಗಳಲ್ಲೇ ಒಂದು ಕರಿಕಲ್ಲು ಗಾಡಿಯ ಮೇಲೆ ಬಂತು, ಒಂದು ಬದಿ ನುಣ್ಣಗೆ, ಇನ್ನೊಂದು ಬದಿಯಲ್ಲಿ ಕೊರೆದ ದಪ್ಪ ಅಕ್ಷರ: ‘ಈ ಬೆಂಕಿ ಸರಕಾರದ ಕೊಡುಗೆ.’ ಮೊದಲ ಫಲಾನುಭವಿಯ ಒಲೆಯ ಪಕ್ಕದಲ್ಲೇ ಅದು ಇರಬೇಕು ಅಂತ ಅಪ್ಪಣೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಏನು ಬರೆದಿದೆ ಅಂತ ಚಹಾದವನು ಓದಿ ಹೇಳಿದ. ಅವಳು ತನ್ನ ಬೆರಳು ನೋಡಿಕೊಂಡಳು, ಕೆಂಡ ಹಿಡಿದ ಗುರುತು ಇನ್ನೂ ಮಾಸಿರಲಿಲ್ಲ. ಆ ಕಲ್ಲನ್ನು ಒಲೆಯ ಪಕ್ಕ ಮಲಗಿಸಿ, ಅದರ ಮೇಲೆ ರೊಟ್ಟಿ ಬಡಿಯಲಿಕ್ಕೆ ಕೂತಳು. ಹಲಗೆ ಉರಿದುಹೋಗಿತ್ತಲ್ಲ.

ಮೊದಲ ದಿನ ರೊಟ್ಟಿಯ ತುಂಬ ಅಕ್ಷರ ಉಬ್ಬಿ ಬಂದವು, ಅದೂ ತಿರುಗುಮುರುಗಾಗಿ. ಹಮಾಲ ಒಂದು ತುತ್ತು ಮುರಿದು ಬಾಯಿಗಿಟ್ಟು ಮುಖ ಹಿಂಡಿದ. ರೊಟ್ಟಿ ಉಳಿದ ಕಡೆ ಚೆನ್ನಾಗಿದೆ, ಬರಹ ಇದ್ದಲ್ಲಿ ಮಾತ್ರ ಹಸಿ ಹಸಿ ಉಳಿದಿದೆ ಅಂದ. ಅವ್ವ ಮರುದಿನ ಕಲ್ಲನ್ನು ಮಗುಚಿ ಹಾಕಿದಳು. ಅಕ್ಷರ ಕೆಳಗಾದವು, ನುಣುಪು ಮೇಲಾಯಿತು. ರೊಟ್ಟಿ ಅಂಚಿನಿಂದ ಅಂಚಿಗೆ ಬೆಂದಿತು.

ಕಲ್ಲು ಇಟ್ಟ ಜಾಗ ತಪಾಸಣೆ ಮಾಡಲಿಕ್ಕೆ ಸಾಹೇಬರು ಬಂದರು. ನೋಡಿದರೆ ಎಲ್ಲೂ ಬರಹ ಕಾಣಲಿಲ್ಲ. ಸರಕಾರದ ಕಲ್ಲು ಎಲ್ಲಿ ಅಂತ ಗಂಭೀರವಾಗಿ ಕೇಳಿದರು. ಅವ್ವ ಕೈ ನಿಲ್ಲಿಸಲಿಲ್ಲ.

“ಸರಕಾರದ ಮ್ಯಾಲ ಕೂತು ರೊಟ್ಟಿ ಆಗಾಕತ್ತಾವ್ರೀ ಸಾಹೇಬ್ರ. ಅದು ತಳದಾಗ ಬಿದ್ದೈತಿ ಅಂತನ ಊರು ಉಣ್ಣಾಕತ್ತೈತಿ.”

ಸಾಹೇಬರು ತಲೆದೂಗಿದರು. ಸರಕಾರದ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಅವರು ಯಾರ ಬಾಯಿಂದಲೂ ಕೇಳಿರಲಿಲ್ಲ. ಅದನ್ನು ಇದ್ದ ಹಾಗೇ ಮೇಲಿನವರಿಗೆ ಮುಟ್ಟಿಸುತ್ತೇನೆ ಅಂತ ಹೇಳಿ, ಹಂಡೆಗೆ ಕೈ ಅದ್ದಿಕೊಂಡು ಹೊರಟರು. ಓಣಿಯ ತುದಿ ದಾಟುವವರೆಗೂ ಅವರಿಗೆ ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅವ್ವ ಅವತ್ತು ಯಾಕೋ ಎಂದಿಗಿಂತ ಜೋರಾಗಿ ಬಡಿಯುತ್ತಿದ್ದಳು.